ತಟ್ಟೆ, ಲೋಟದಿಂದ ಹೆಪಟೈಟಿಸ್ ಬಿ ಹರಡುವುದಿಲ್ಲ

ಹೆಪಟೈಟಿಸ್ ಬಿ (ಯಕೃತ್ತಿಗೆ ತಗಲುವ ವೈರಸ್ ಸೋಂಕು) ಇರುವವರ ಜೊತೆ ಉಂಡರೆ, ಅವರ ಲೋಟದಲ್ಲಿ ನೀರು ಕುಡಿದರೆ ಸೋಂಕು ತಗಲುತ್ತದೆ ಎಂಬ ಸಂದೇಶ ಮತ್ತೆ ಮತ್ತೆ ಫಾರ್ವರ್ಡ್ ಆಗುತ್ತಿರುತ್ತದೆ. ಇದು ತಪ್ಪು. ಅಪ್ಪುಗೆ, ಕೆಮ್ಮು, ಸೀನಿನಿಂದಲೂ ಅದು ಹರಡುವುದಿಲ್ಲ.

ಗೊಂದಲಕ್ಕೆ ಕಾರಣವಿದೆ. ಕಾಮಾಲೆ ತರುವ ವೈರಸ್‌ಗಳು ಹಲವು. ಹೆಪಟೈಟಿಸ್ ಎ ಮತ್ತು ಇ ಕಲುಷಿತ ನೀರು, ಆಹಾರದಿಂದ ಬರುತ್ತವೆ. ಬಿ ಬರುವುದು ರಕ್ತ ಹಾಗೂ ಲೈಂಗಿಕ ದ್ರವಗಳಿಂದ, ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ. ನಗರವಾಸಿಗಳು ನಿಜಕ್ಕೂ ಗಮನಿಸಬೇಕಾದದ್ದು ಮರುಬಳಕೆಯ ಸೂಜಿ, ತಪಾಸಣೆಯಾಗದ ರಕ್ತ, ಸರಿಯಾಗಿ ಶುದ್ಧೀಕರಿಸದ ಹಚ್ಚೆ ಉಪಕರಣ, ಕ್ಷೌರದ ಹಳೇ ಬ್ಲೇಡ್, ಕಾಂಡೋಮ್ ಇಲ್ಲದ ಸಂಭೋಗ. ಬ್ಲೇಡಿನ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಒಣಗಿದ್ದರೂ ಅಪಾಯವೇ. ಈ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಉಳಿಯಬಲ್ಲದು. ಆದ್ದರಿಂದ ಮನೆಯಲ್ಲಿ ರೇಜರ್, ಹಲ್ಲುಜ್ಜುವ ಬ್ರಷ್, ನೇಲ್ ಕಟರ್ ಪ್ರತ್ಯೇಕವಿರಲಿ. ತಟ್ಟೆ ಬೇರೆ ಮಾಡಬೇಡಿ. ಅದರಿಂದ ರೋಗಿಯ ಮನಸ್ಸು ನೋಯುತ್ತದೆ, ಯಾರಿಗೂ ರಕ್ಷಣೆ ಸಿಗುವುದಿಲ್ಲ.

ಇಂಥ ಸಂದೇಶ ಬಂದರೆ ಮೊದಲು ಯಾವ ಹೆಪಟೈಟಿಸ್ ಎಂದು ಹೇಳಿದೆಯೇ ನೋಡಿ. ಬರೀ 'ಕಾಮಾಲೆ' ಎಂದಿದ್ದರೆ ಬೇರೆ ಬೇರೆ ರೋಗಗಳನ್ನು ಬೆರೆಸಿರುವ ಸಾಧ್ಯತೆ ಹೆಚ್ಚು. ಆಮೇಲೆ ಆ ರೋಗದ ಹೆಸರಿನ ಜೊತೆ 'ಹರಡುವ ಬಗೆ' ಎಂದು ಸರ್ಕಾರಿ ಆರೋಗ್ಯ ಜಾಲತಾಣದಲ್ಲಿ ಹುಡುಕಿ.

ಸೋಂಕಿದ್ದರೂ ಅನೇಕರಿಗೆ ಲಕ್ಷಣಗಳೇ ಇರುವುದಿಲ್ಲ. ತಿಳಿಯಲು ಎಚ್‌ಬಿಎಸ್‌ಎಜಿ ರಕ್ತಪರೀಕ್ಷೆ ಬೇಕು; ರಕ್ತದಲ್ಲಿ ಈ ವೈರಸ್‌ನ ಅಂಶ ಇದೆಯೇ ಎಂದು ಅದು ತೋರಿಸುತ್ತದೆ. ಸೋಂಕು ತಗಲಿದ ಮೊದಲ ಕೆಲವು ವಾರ ಅದೂ ನೆಗೆಟಿವ್ ಬರಬಹುದು. ನವಜಾತ ಶಿಶುವಿಗೆ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸ್ ಬೀಳಬೇಕು. ವಯಸ್ಕರಿಗೆ ಸಾಮಾನ್ಯವಾಗಿ 3 ಡೋಸ್: ಇಂದು, 1 ತಿಂಗಳಿಗೆ, 6 ತಿಂಗಳಿಗೆ. ಬಳಸಿದ ಸೂಜಿ ಚುಚ್ಚಿದರೆ ಸೋಪು, ನೀರಿನಿಂದ ತೊಳೆದು ಅಂದೇ ವೈದ್ಯರನ್ನು ಕಾಣಿ.