ಉಪ್ಪು ಬೇಡ, ಸೋಡಿಯಂ ಕೊಡಿ

ರಾಯರು ಉಪ್ಪು ಬಿಟ್ಟು ಮೂರು ತಿಂಗಳಾಯಿತು. ಸಿಗರೇಟು ಬಿಟ್ಟವರು, ಸಾಲ ತೀರಿಸಿದವರು ಕೂಡ ಇಷ್ಟು ಎದೆಯುಬ್ಬಿಸಿ ಓಡಾಡಿದ್ದನ್ನು ನಾನು ನೋಡಿಲ್ಲ. "ಈಗ ನಂದೆಲ್ಲ ಕ್ಲೀನ್ ಈಟಿಂಗ್ ಕಣ್ರೀ" ಎನ್ನುತ್ತಾರೆ. ಉಳಿದ ನಾವೆಲ್ಲ ಇಷ್ಟು ವರ್ಷ ಕೊಳಕು ತಿನ್ನುತ್ತಿದ್ದೆವು ಅಂತ ಅದರರ್ಥ. ಇರಲಿ ಬಿಡಿ.

ಬಿಪಿ ಇತ್ತೇ? ಇರಲಿಲ್ಲ. ಡಾಕ್ಟರ್ ಹೇಳಿದರೇ? ಅದೂ ಇಲ್ಲ. ಮೊಬೈಲಿನಲ್ಲಿ ಆಗಷ್ಟೇ ಮೀಸೆ ಚಿಗುರಿದ ಹುಡುಗನೊಬ್ಬ, ಬನಿಯನ್ ಹಾಕಿಕೊಂಡು, "ಉಪ್ಪು ಬಿಳಿ ವಿಷ" ಅಂದ. ರಾಯರು ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿ ಎತ್ತಿ ಅಟ್ಟಕ್ಕೆ ಹಾಕಿದರು.

ಹುಡುಗ ಹೇಳಿದ್ದರಲ್ಲಿ ಅರ್ಧ ನಿಜವೂ ಇದೆ. ದೊಡ್ಡವರಿಗೆ ದಿನಕ್ಕೆ ಸೋಡಿಯಂ 2000 ಮಿಲಿಗ್ರಾಂ ಒಳಗಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನ ಲೆಕ್ಕದಲ್ಲಿ ಅದು 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕೆ ಸ್ವಲ್ಪ ಕಡಿಮೆ. ಜಗತ್ತು ಸರಾಸರಿ ತಿನ್ನುತ್ತಿರುವುದು ಅದರ ಎರಡು ಪಟ್ಟಿಗಿಂತ ಜಾಸ್ತಿ. ಹಾಗಾಗಿ "ಕಡಿಮೆ ಮಾಡಿ" ಅಂತ ಆ ಸಂಸ್ಥೆ ಗಂಟಲು ಹರಿದುಕೊಳ್ಳುತ್ತಿದೆ. ಆದರೆ ಕಡಿಮೆ ಅನ್ನುವ ಪದ ಮನುಷ್ಯನ ಕಿವಿಗೆ ಬೀಳುವುದೇ ಇಲ್ಲ. ಅವನಿಗೆ ಗೊತ್ತಿರುವುದು ಎರಡೇ: ಸುರಿದುಕೊಳ್ಳುವುದು, ಇಲ್ಲವೇ ಸನ್ಯಾಸ.

ರಾಯರದು ಸನ್ಯಾಸ. ಬೆಳಗ್ಗೆ ನೀರಲ್ಲಿ ಬೇಯಿಸಿದ ಓಟ್ಸ್, ಒಂದು ಬಾಳೆಹಣ್ಣು. ಮಧ್ಯಾಹ್ನ ಬರೀ ಅನ್ನ, ಬೇಯಿಸಿದ ಬೀನ್ಸ್, ಸೌತೆಕಾಯಿ. ಸಂಜೆ ಸೇಬು. ರಾತ್ರಿ ಕ್ಯಾರೆಟ್ಟು, ಪಾಲಕ್ ಸೊಪ್ಪು, ಎರಡು ಮೊಟ್ಟೆಯ ಬಿಳಿಭಾಗ, ಒಂದು ಲೋಟ ಹಾಲು. ಕುತೂಹಲಕ್ಕೆ ಕೂತು ಲೆಕ್ಕ ಹಾಕಿದೆ. ಬಾಳೆಹಣ್ಣಿನಲ್ಲಿರುವ ಸೋಡಿಯಂ ಒಂದೋ ಎರಡೋ ಮಿಲಿಗ್ರಾಂ. ಸೇಬಿನ ಕತೆಯೂ ಅಷ್ಟೇ. ಅನ್ನ, ಓಟ್ಸ್, ಸೌತೆಕಾಯಿ ಈ ವಿಷಯದಲ್ಲಿ ಬರಿಗೈ. ಏನಾದರೂ ಕೊಟ್ಟಿದ್ದರೆ ಹಾಲು, ಮೊಟ್ಟೆ, ಕ್ಯಾರೆಟ್ಟು, ಪಾಲಕ್. ಅವೆಲ್ಲ ಸೇರಿ ಚಂದಾ ಎತ್ತಿದರೂ ಒಟ್ಟು 400 ಮುಟ್ಟಲಿಲ್ಲ. ದೊಡ್ಡವರಿಗೆ 1500 ಸಾಕು ಎಂದು ಅಮೆರಿಕದ ಪೋಷಣಾ ತಜ್ಞರು ಇಟ್ಟ ಗೆರೆಯ ಮೂರನೇ ಒಂದಕ್ಕೂ ಇದು ಬರುವುದಿಲ್ಲ.

ಹಾಗಂತ ಮನುಷ್ಯ ಇದರಿಂದಲೇ ಬಿದ್ದು ಹೋಗುವುದಿಲ್ಲ. ಮೂತ್ರಪಿಂಡ ಮಹಾ ಜಿಪುಣ. ಸೋಡಿಯಂ ಬರುವುದು ಕಡಿಮೆಯಾಯಿತು ಅಂದರೆ ಆಲ್ಡೊಸ್ಟೆರೋನ್ ಎಂಬ ಹಾರ್ಮೋನಿನ ಮಾತು ಕೇಳಿ, ಹೋಗುವ ಬಾಗಿಲಲ್ಲೇ ಅದನ್ನು ಹಿಡಿದು ಒಳಕ್ಕೆ ತಳ್ಳುತ್ತದೆ. ಅಮೆಜಾನ್ ಕಾಡಿನ ಯಾನೋಮಾಮಿ ಜನ ಉಪ್ಪೇ ಬೆರೆಸದೆ ತಲೆತಲಾಂತರದಿಂದ ಬದುಕಿದ್ದಾರೆ. ಬಿಪಿಯೂ ಇಲ್ಲ. ರಾಯರಿಗೆ ಈ ಉದಾಹರಣೆ ಬಾಯಿಪಾಠ. ಯಾನೋಮಾಮಿಗಳು ಟ್ರೆಡ್‌ಮಿಲ್ ಮೇಲೆ ಓಡಿ, ಗಂಟೆಗೊಂದು ಅಲಾರಂ ಇಟ್ಟುಕೊಂಡು ದಿನಕ್ಕೆ ಆರು ಲೀಟರ್ ನೀರು ಕುಡಿಯುವುದಿಲ್ಲ ಅನ್ನುವುದು ಮಾತ್ರ ಅವರಿಗೆ ನೆನಪಿಲ್ಲ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತ ಹಿರಿಯರು ಹೇಳಿದ್ದರು. ಉಪ್ಪೇ ತಿನ್ನದವನು ಆರು ಲೀಟರ್ ಕುಡಿಯುವ ಕಾಲ ಬರುತ್ತದೆ ಅಂತ ಅವರಿಗೂ ಹೊಳೆದಿರಲಿಕ್ಕಿಲ್ಲ.

ಒಂದು ಲೀಟರ್ ಬೆವರಿನ ಜೊತೆ ಸುಮಾರು ಒಂದು ಗ್ರಾಂ ಸೋಡಿಯಂ ಹೋಗಬಹುದು. ಒಬ್ಬೊಬ್ಬರದು ಒಂದೊಂದು ತರ. ಅತ್ತ ಅದು ಹೋಯಿತು, ಇತ್ತ ರಕ್ತಕ್ಕೆ ನೀರು ಸೇರುತ್ತಲೇ ಇತ್ತು. ಒಂದು ದಿನ ರಾಯರಿಗೆ ತಲೆ ತಿರುಗಿತು, ವಾಕರಿಕೆ ಬಂತು. ರಕ್ತದಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. ಇವರದು 131ಕ್ಕೆ ಇಳಿದಿತ್ತು. ಹೀಗೆ ಇಳಿಯುವುದಕ್ಕೆ ಹೈಪೋನಾಟ್ರೀಮಿಯಾ ಅಂತ ಹೆಸರು.

"ದಿನಕ್ಕೆ ಎಷ್ಟು ನೀರು ಕುಡೀತೀರಿ?" ಡಾಕ್ಟರ್ ಕೇಳಿದರು.

"ಆರು ಲೀಟರ್" ಅಂದರು ರಾಯರು, ಪದಕ ಸಿಗುತ್ತದೆ ಅನ್ನುವ ಹಾಗೆ.

"ಉಪ್ಪು?"

"ಛೆ ಛೆ!"

ಡಾಕ್ಟರಿಗೆ ಆಶ್ಚರ್ಯವಾಗಲಿಲ್ಲ. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದವರಲ್ಲಿ 488 ಜನರ ರಕ್ತ ನೋಡಿದಾಗ 13 ಶೇಕಡಾ ಮಂದಿಗೆ ಸೋಡಿಯಂ ತಗ್ಗಿತ್ತಂತೆ. ಅವರಲ್ಲಿ ಬಹಳಷ್ಟು ಜನ ಓಡುತ್ತ ಕುಡಿದ ನೀರಿನಿಂದಲೇ ಓಟ ಶುರುವಾದಾಗ ಇದ್ದದ್ದಕ್ಕಿಂತ ತೂಕ ಜಾಸ್ತಿ ಮಾಡಿಕೊಂಡಿದ್ದರು. 26 ಮೈಲಿ ಓಡಿ ದಪ್ಪಗಾಗುವುದು ಅಂದರೆ ತಮಾಷೆಯಲ್ಲ, ಅಲ್ವಾ?

"ಬಾಯಾರಿದಾಗ ನೀರು ಕುಡೀರಿ. ಅಡುಗೆಗೆ ಹದವಾಗಿ ಉಪ್ಪು ಹಾಕಿಸ್ಕೊಳ್ಳಿ" ಅಂದರು ಡಾಕ್ಟರ್.

"ಯಾವ ಮಾತ್ರೆ?"

"ಮಾತ್ರೆ ಬೇಡ. ಉಪ್ಪು. ಮನೇಲಿರುತ್ತಲ್ಲ, ಅದೇ."

ರಾಯರ ಮುಖ ಬಾಡಿತು. ಇಷ್ಟು ದೊಡ್ಡ ಹೆಸರಿನ ಕಾಯಿಲೆಗೆ ಇಷ್ಟು ಸಣ್ಣ ಮದ್ದೇ? ಹೊರಗೆ ಬರುತ್ತಲೇ ನನಗೆ ಹೇಳಿದರು, "ಈ ಡಾಕ್ಟ್ರು ಅಪ್‌ಡೇಟ್ ಆಗಿಲ್ಲ ಕಣ್ರೀ. ನಂಗೆ ಬೇಕಿರೋದು ಸೋಡಿಯಂ. ಅವರು ಉಪ್ಪು ತಿನ್ನು ಅಂತಾರೆ."

ಸೋಡಿಯಂ ಮಾತ್ರ ಬೇಕು, ಉಪ್ಪು ಬೇಡ ಅನ್ನುವವರಿಗೆ ಒಂದು ದಾರಿಯಿದೆ. 1807ರಲ್ಲಿ ಹಂಫ್ರಿ ಡೇವಿ ಕಾಸ್ಟಿಕ್ ಸೋಡಾಕ್ಕೆ ವಿದ್ಯುತ್ ಹರಿಸಿ ಅಪ್ಪಟ ಸೋಡಿಯಂ ಬೇರೆ ಮಾಡಿ ತೋರಿಸಿದ್ದ. ಬೆಳ್ಳಿಯ ಹಾಗೆ ಹೊಳೆಯುವ ಮೆತ್ತಗಿನ ಲೋಹ. ನೀರಿಗೆ ಬಿದ್ದರೆ ಚಟಪಟ ಸಿಡಿದು ಹೊತ್ತಿಕೊಳ್ಳುತ್ತದೆ. ಅದನ್ನು ಚಪ್ಪರಿಸಲಾರದವರಿಗಾಗಿಯೇ ಪ್ರಕೃತಿ ಅದಕ್ಕೆ ಕ್ಲೋರಿನ್ ಕಟ್ಟಿ, ಪಳಗಿಸಿ, ಸಮುದ್ರದ ತುಂಬ ಇಟ್ಟಿದೆ. ಅದರ ಹೆಸರೇ ಉಪ್ಪು.

ಒಂದು ವಾರದಲ್ಲಿ ರಾಯರ ಮನೆಗೆ ಪಾರ್ಸೆಲ್ ಬಂತು. ಮೇಲೆ ಗುಡ್ಡ ಹತ್ತುತ್ತಿರುವ ಮನುಷ್ಯನ ಚಿತ್ರ. ಒಳಗೆ ಮೂವತ್ತು ಸ್ಯಾಶೆ, ನಿಂಬೆ ರುಚಿ. ಎಲೆಕ್ಟ್ರೊಲೈಟ್ ಅಂತೆ. ಒಂದೊಂದರಲ್ಲಿ 1000 ಮಿಲಿಗ್ರಾಂ ಸೋಡಿಯಂ. ಕನ್ನಡಕ ಹಾಕಿಕೊಂಡು ಹಿಂದೆ ತಿರುಗಿಸಿ ಓದಿದೆ. ಮೊದಲ ಪದಾರ್ಥವೇ ಸೋಡಿಯಂ ಕ್ಲೋರೈಡ್.

"ರಾಯರೇ, ಇದು ಅರ್ಧ ಚಮಚ ಉಪ್ಪು."

"ಅಲ್ಲ ಕಣ್ರೀ. ಎಲೆಕ್ಟ್ರೊಲೈಟ್."

"ಉಪ್ಪೂ ಅದೇ."

"ನಿಮಗೆ ವಿಜ್ಞಾನ ಗೊತ್ತಾಗಲ್ಲ ಬಿಡಿ."

ಡಬ್ಬಿಯಲ್ಲಿದ್ದಾಗ ವಿಷ, ಸ್ಯಾಶೆಗೆ ಹೋದರೆ ವಿಜ್ಞಾನ. ಇದಕ್ಕೆ ಗುಲಾಬಿ ಬಣ್ಣ ಹಚ್ಚಿದರೆ ಅಧ್ಯಾತ್ಮವೂ ಆಗುತ್ತದೆ. ರಾಯರ ಮಗಳು ಆ ಪಂಥದವಳು. ಗುಲಾಬಿ ಉಪ್ಪಿನಲ್ಲಿ ಎಂಬತ್ತನಾಲ್ಕು ಖನಿಜ ಇದೆಯಂತೆ. ಅದರಲ್ಲಿ ಸುಮಾರು 98 ಶೇಕಡಾ ಅದೇ ಸೋಡಿಯಂ ಕ್ಲೋರೈಡ್. ಬಣ್ಣ ಕೊಡುವುದು ಚೂರುಪಾರು ಕಬ್ಬಿಣದ ತುಕ್ಕು. ಉಳಿದ ಖನಿಜಗಳು ಮೈಗೆ ಹತ್ತುವಷ್ಟು ಬೇಕಂದರೆ ಉಪ್ಪನ್ನು ಬಟ್ಟಲುಗಟ್ಟಲೆ ತಿನ್ನಬೇಕು. ನಿಜವಾಗಿ ಬೇಕಾದ ಅಯೋಡಿನ್ ಸಾಮಾನ್ಯವಾಗಿ ಅದರಲ್ಲಿ ಸೇರಿಸಿರುವುದಿಲ್ಲ. ಗಳಗಂಡ ತಡೆಯಲು ಸ್ವಿಟ್ಜರ್ಲೆಂಡ್ 1922ರಲ್ಲೇ ಉಪ್ಪಿಗೆ ಅಯೋಡಿನ್ ಬೆರೆಸತೊಡಗಿತು. ನೂರು ವರ್ಷದ ಆ ಕೆಲಸವನ್ನು ಒಂದು ಚಂದದ ಬಣ್ಣ ತಳ್ಳಿಹಾಕುತ್ತಿದೆ. ರಾಯರ ಭಾವಮೈದ ಇನ್ನೂ ಒಂದು ಹೆಜ್ಜೆ ಮುಂದೆ. ಪೊಟ್ಯಾಸಿಯಂ ಬೆರೆಸಿದ "ಹಗುರ ಉಪ್ಪು" ತಂದಿದ್ದ. ಅದು ಹಲವರಿಗೆ ಒಳ್ಳೆಯದೇ. ಮೂತ್ರಪಿಂಡ ಸೋತವರಿಗೆ ಮಾತ್ರ ಹೃದಯದ ಬಡಿತವನ್ನೇ ಕೆಡಿಸೀತು. ಇವನು ಕೇಳದೇ ಎಲ್ಲರ ತಟ್ಟೆಗೂ ಉದುರಿಸಲು ಹೊರಟಿದ್ದ.

ಇಷ್ಟೆಲ್ಲ ಕಾವಲು ಇದ್ದರೂ ಉಪ್ಪು ಹಿತ್ತಲ ಬಾಗಿಲಿಂದ ಬರುತ್ತಲೇ ಇತ್ತು. ಭಾನುವಾರ ರಾಯರದು "ಚೀಟ್ ಡೇ" ಅಂತೆ. ಅವತ್ತು ಪೊಟ್ಟಣದ ಸೂಪು, ಏಳು ಧಾನ್ಯದ ಬ್ರೆಡ್ಡು, ಚೀಸು, ಅದರ ಮೇಲೆ ಉಪ್ಪು ಕಡಿಮೆ ಇರುವ ಸೋಯಾ ಸಾಸ್. ಸಾಮಾನ್ಯ ಸೋಯಾ ಸಾಸ್ ಒಂದು ದೊಡ್ಡ ಚಮಚಕ್ಕೆ ಸುಮಾರು 900 ಮಿಲಿಗ್ರಾಂ ಸೋಡಿಯಂ. ಕಡಿಮೆಯದ್ದು ಐನೂರರ ಮೇಲೆ. ಅಮೆರಿಕದ ನಿಯಮದ ಪ್ರಕಾರ ಮೊದಲಿಗಿಂತ ಕಾಲು ಭಾಗ ತಗ್ಗಿಸಿದರೆ ಸಾಕು, ಪೊಟ್ಟಣದ ಮೇಲೆ "ಸೋಡಿಯಂ ಕಡಿಮೆ" ಅಂತ ಬರೆದುಕೊಳ್ಳಬಹುದು. ನೂರು ಸುಳ್ಳು ಹೇಳುವವನು ಎಪ್ಪತ್ತೈದಕ್ಕೆ ಇಳಿದು ಹರಿಶ್ಚಂದ್ರ ಅಂತ ಬೋರ್ಡು ಹಾಕಿಕೊಂಡ ಹಾಗೆ. ಆರು ದಿನ ಬರ, ಒಂದು ದಿನ ನೆರೆ. ರಾಯರ ಮೂತ್ರಪಿಂಡಕ್ಕೆ ಬಾಯಿ ಇದ್ದಿದ್ದರೆ ರಾಜೀನಾಮೆ ಕೊಡುತ್ತಿತ್ತು.

ಮೊನ್ನೆ ಹೋದಾಗ ಊಟಕ್ಕೆ ಕೂತಿದ್ದರು. ತಟ್ಟೆಯಲ್ಲಿ ಅದೇ ಬೇಯಿಸಿದ ಬೀನ್ಸು, ಕ್ಯಾರೆಟ್ಟು. ನಾನು ನೋಡುತ್ತಿದ್ದಂತೆ ಒಂದು ಸ್ಯಾಶೆ ಹರಿದು ಅದರ ಮೇಲೆ ಉದುರಿಸಿಕೊಂಡರು. ನೀರಿಗೆ ಹಾಕಿ ಕುಡಿದು ಕುಡಿದು ಬೇಜಾರಾಯಿತಂತೆ.

"ಹೇಗಿದೆ?" ಅಂದೆ.

"ಅದ್ಭುತ ಕಣ್ರೀ! ಮೂರು ತಿಂಗಳಾದ ಮೇಲೆ ತರಕಾರಿಗೆ ರುಚಿ ಬಂತು." ಇನ್ನೆರಡು ತುತ್ತು ತಿಂದು, ನಾಲಗೆ ಚಪ್ಪರಿಸಿ, ಹುಬ್ಬು ಗಂಟಿಕ್ಕಿದರು. "ಆದ್ರೆ ಸ್ವಲ್ಪ ಉಪ್ಪುಪ್ಪು ಇದೆ. ಕಂಪನಿಯವ್ರಿಗೆ ಬರೀಬೇಕು, ಉಪ್ಪು ತೆಗೆದು ಬರೀ ಎಲೆಕ್ಟ್ರೊಲೈಟ್ ಹಾಕ್ರಪ್ಪ ಅಂತ."