ಸತ್ಯಾಂಶ: ಅಬುಜಾದಲ್ಲಿ ಬೀಗ ಬಿದ್ದದ್ದು ವಿರೋಧ ಪಕ್ಷಕ್ಕೆ ಮಾತ್ರವೇ?

‘ನೈಜೀರಿಯಾದ ರಾಜಧಾನಿಯಲ್ಲಿ ವಿರೋಧ ಪಕ್ಷ ಪಿಡಿಪಿಯ ಕಚೇರಿಗೆ ಬೀಗ, ನೆಲಬಾಡಿಗೆ ಬರೀ ನೆಪ’ ಎಂಬ ಫಾರ್ವರ್ಡ್ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ.

ಬೀಗ ಹಾಕಿದ್ದು ನಿಜ, 2025ರ ಮೇ ತಿಂಗಳಲ್ಲಿ. ಆದರೆ ಅದೇ ಕಾರ್ಯಾಚರಣೆಯಲ್ಲಿ ಕೇಂದ್ರ ಸರ್ಕಾರದ್ದೇ ತೆರಿಗೆ ಇಲಾಖೆಯ ಕಚೇರಿಗೂ ಒಂದು ಬ್ಯಾಂಕ್ ಶಾಖೆಗೂ ಬೀಗ ಬಿತ್ತು. ನೆಲಬಾಡಿಗೆ, ಅಂದರೆ ಗುತ್ತಿಗೆ ಜಾಗಕ್ಕೆ ಸರ್ಕಾರಕ್ಕೆ ಕಟ್ಟುವ ವಾರ್ಷಿಕ ಬಾಡಿಗೆ, ಕಟ್ಟದ್ದಕ್ಕೆ ಮಾರ್ಚ್‌ನಲ್ಲೇ 4,794 ನಿವೇಶನಗಳ ಹಕ್ಕುಪತ್ರ ರದ್ದಾಗಿತ್ತು. ಬಾಕಿ 10ರಿಂದ 43 ವರ್ಷಗಳದ್ದು.

ಅಲ್ಲಿ ಭೂಮಿ ಸಿಗುವುದು ಗುತ್ತಿಗೆಯ ಮೇಲೆ. ನೆಲಬಾಡಿಗೆಯನ್ನು ಪ್ರತಿ ಜನವರಿ 1ಕ್ಕೆ, ಯಾರೂ ಕೇಳದಿದ್ದರೂ ಕಟ್ಟಬೇಕು. ‘ಬಿಲ್ಲೇ ಬರಲಿಲ್ಲ’ ಎಂಬ ವಾದ ನಿಲ್ಲುವುದಿಲ್ಲ. ಷರತ್ತು ಮುರಿದರೆ 1978ರ ಭೂಬಳಕೆ ಕಾಯ್ದೆಯ 28ನೇ ಕಲಮಿನಡಿ ಹಕ್ಕನ್ನೇ ರದ್ದು ಮಾಡಬಹುದು. ಕೊಂಡವರು ಖಾತೆ ಬದಲಿಸಿಕೊಳ್ಳದಿದ್ದರೆ ನೋಟಿಸು ಹಳೆಯ ಹೆಸರಿಗೇ ಹೋಗುತ್ತಿರುತ್ತದೆ, ಬಾಕಿ ಮಾತ್ರ ಜಾಗಕ್ಕೇ ಅಂಟಿಕೊಂಡಿರುತ್ತದೆ.

ಹಾಗೆಂದು ಅನುಮಾನ ಹುಟ್ಟಿದ್ದು ಸುಮ್ಮನೆ ಅಲ್ಲ. ಆದೇಶದ ಹಿಂದಿದ್ದ ರಾಜಧಾನಿ ಪ್ರದೇಶದ ಸಚಿವ ನೈಸಮ್ ವೀಕೆ ಆಗ ಪಿಡಿಪಿಯವರೇ, ಆದರೆ ಎದುರಾಳಿ ಆಡಳಿತ ಪಕ್ಷದ ಸರ್ಕಾರದಲ್ಲಿದ್ದವರು. ಸ್ವಪಕ್ಷದೊಳಗೆ ಅವರ ಜಗಳ ಜಗಜ್ಜಾಹೀರು. ವರ್ಷಗಟ್ಟಲೆ ಸುಮ್ಮನಿದ್ದು ಈಗಲೇ ಏಕೆ ಎಂದು ಕೇಳುವುದು ನ್ಯಾಯ. ಬಾಕಿಯೇ ಇರಲಿಲ್ಲ ಎನ್ನುವುದು ಬೇರೆ ಮಾತು. ಬಳಿಕ ದೇಶದ ಅಧ್ಯಕ್ಷ ಟಿನುಬು ಮಧ್ಯಪ್ರವೇಶಿಸಿ ಬಾಕಿದಾರರೆಲ್ಲರಿಗೂ 14 ದಿನಗಳ ಗಡುವು ಕೊಡಿಸಿದರು, ಪಿಡಿಪಿಗೂ.