ಡಾಲ್ಟನ್ ನಗಲಿಲ್ಲ, ಅದೇ ಅವನ ತಪ್ಪಾ?

ಬೆಳಗಿನ ತುಮಕೂರು–ಬೆಂಗಳೂರು ರೈಲಿನಲ್ಲಿ ನಾವು ಏಳು ಜನ ಪಾಸಿನ ಗಿರಾಕಿಗಳು. ಹತ್ತು ವರ್ಷದಿಂದ ಅದೇ ಬೋಗಿ, ಹೆಚ್ಚುಕಮ್ಮಿ ಅದೇ ಸೀಟು. ರಾಜಕೀಯ ಎತ್ತಬಾರದು ಅಂತ ನಮ್ಮೊಳಗೆ ಒಂದು ಒಪ್ಪಂದ ಇದೆ. ಯಾವುದೋ ಚುನಾವಣೆಯಲ್ಲಿ ಇಬ್ಬರು ಮೂರು ತಿಂಗಳು ಮಾತು ಬಿಟ್ಟಿದ್ದರು, ಆಮೇಲೆ ಬಂದ ಕಾನೂನು ಅದು. ಹಾಗಾಗಿ ಉಳಿಯುವುದು ಸಿನಿಮಾ. ಮೊನ್ನೆ ಸೋಮವಾರ ಕ್ಯಾತಸಂದ್ರದಲ್ಲಿ ಶುರುವಾದ ಜೇಮ್ಸ್ ಬಾಂಡ್ ಜಗಳ ಯಶವಂತಪುರದಲ್ಲಿ ಇಳಿದು ಮೆಟ್ಟಿಲು ಹತ್ತುವಾಗಲೂ ನಡೆಯುತ್ತಲೇ ಇತ್ತು. ಅಲ್ಲಿ ನನ್ನನ್ನು ಸರಿಯಾಗಿ ಮಾತಾಡಲು ಬಿಡಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಯ್ತು ಅಂತ ಬಯ್ಯಬೇಡಿ.

ಜಗಳ ಇಷ್ಟೇ. ಟಿಮೋಥಿ ಡಾಲ್ಟನ್ ಬಾಂಡ್ ಪಾತ್ರಕ್ಕೆ ಆಗಿಬರಲಿಲ್ಲ ಅಂತ ಬ್ಯಾಂಕಿನ ಸಾರ್ ತೀರ್ಪು ಕೊಟ್ಟರು. ಇನ್ನೊಂದು ವರ್ಷಕ್ಕೆ ರಿಟೈರ್ ಆಗುವವರು, ಡಾಲ್ಟನ್‌ಗಿಂತ ಮುಂಚೆ ಬಾಂಡ್ ಆಗಿದ್ದ ರೋಜರ್ ಮೂರ್ ಭಕ್ತರು. "ಅಲ್ರೀ, ಅವನ ಮುಖ ನೋಡಿದೀರಾ? ಸಾವಿನ ಮನೆಗೆ ಬಂದಂಗೆ ಇರ್ತಾನೆ. ಬಾಂಡ್ ಅಂದ್ಮೇಲೆ ಒಂಚೂರು ಮಜಾ ಬೇಡ್ವಾ?" ಅಂದರು. ಪೀಣ್ಯದ ಫ್ಯಾಕ್ಟರಿಗೆ ಹೋಗುವ ಹುಡುಗ ಒಬ್ಬನಿದ್ದಾನೆ, ಅವನು ಡೇನಿಯಲ್ ಕ್ರೇಗ್ ಪಾರ್ಟಿ. ಡಾಲ್ಟನ್‌ನ ಒಂದು ಸಿನಿಮಾವನ್ನೂ ನೋಡಿಲ್ಲ. ಆದರೂ "ಹೌದು ಸಾರ್" ಅಂತ ತಲೆ ಆಡಿಸಿದ. ನನಗೆ ಸಿಟ್ಟು ಬಂದಿದ್ದು ಸಾರ್ ಮೇಲಲ್ಲ, ಇವನ ಮೇಲೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೂರ್ ಬಗ್ಗೆ ನನಗೇನೂ ತಕರಾರಿಲ್ಲ. 1973ರಿಂದ 1985ರವರೆಗೆ ಏಳು ಸಿನಿಮಾ ಮಾಡಿದ ಮನುಷ್ಯ. 'ಆಕ್ಟೋಪಸಿ'ಯಲ್ಲಿ ಉದಯಪುರದ ಬೀದಿಗಳಲ್ಲಿ ಆಟೋ ಹಾರಿಸಿಕೊಂಡು ಹೋಗುವುದು, ವಿಜಯ್ ಅಮೃತ್‌ರಾಜ್ ಟೆನಿಸ್ ಬ್ಯಾಟಿನಲ್ಲೇ ರೌಡಿಗಳಿಗೆ ಬಾರಿಸುವುದು, ಇದನ್ನೆಲ್ಲ ನೋಡಿ ನಾವೂ ಬಿದ್ದು ಬಿದ್ದು ನಕ್ಕವರೇ. ಆದರೆ ಅವನ ಕೊನೇ ಬಾಂಡ್ ಸಿನಿಮಾ ಬಂದಾಗ ವಯಸ್ಸು 57. ಅವನು ಮೆಟ್ಟಿಲು ಹತ್ತಿದರೆ ನೋಡುವವರಿಗೆ ಮಂಡಿ ನೋವು. ಯಾರನ್ನಾದರೂ ಕೊಂದಮೇಲೆ ಹುಬ್ಬು ಮೇಲೆತ್ತಿ ಒಂದು ಜೋಕ್ ಹೊಡೆದರೆ ಮುಗೀತು, ಆ ಸತ್ತುಬಿದ್ದವನ ಕಥೆ ಅಲ್ಲಿಗೆ ಖಲಾಸ್.

ನಾನು ಡಾಲ್ಟನ್‌ನ ಮೊದಲು ನೋಡಿದ್ದು ಎಸ್.ಎಸ್. ಪುರಂನ ಚಿಕ್ಕಪ್ಪನ ಮನೆಯಲ್ಲಿ. ಒಂದು ರಾತ್ರಿಗೆ ವಿಸಿಪಿ ಬಾಡಿಗೆಗೆ ತಂದಿದ್ದರು. ಮೂರು ಕ್ಯಾಸೆಟ್, ಎರಡು ಕನ್ನಡದ್ದು, ಒಂದು 'ದಿ ಲಿವಿಂಗ್ ಡೇಲೈಟ್ಸ್'. ಅದು 1987ರ ಸಿನಿಮಾ, ನಮ್ಮ ಮನೆಗೆ ಬರೋ ಹೊತ್ತಿಗೆ ಮೂರ್ನಾಲ್ಕು ವರ್ಷ ಹಳೇದಾಗಿತ್ತು. ಮಧ್ಯೆ ಮಧ್ಯೆ ಗೆರೆ ಓಡೋದು. ನಾನು ಕನ್ನಡ ಮೀಡಿಯಂ ಹುಡುಗ, ಅವರ ಇಂಗ್ಲಿಷ್ ಒಂದಕ್ಷರ ತಿಳಿಯುತ್ತಿರಲಿಲ್ಲ. ಹಾಗಾಗಿ ಜೋಕ್ ಇದೆಯೋ ಇಲ್ಲವೋ ನನಗೆ ಗೊತ್ತೇ ಆಗಲಿಲ್ಲ. ನೋಡಿದ್ದು ಮುಖ ಮಾತ್ರ. ಬಹುಶಃ ಅದೇ ಒಳ್ಳೇದಾಯ್ತು.

ವಿಯೆನ್ನಾದ ಜಾತ್ರೆ ಮೈದಾನದಲ್ಲಿ ಒಂದು ದೃಶ್ಯ ಇದೆ. ಸಾಂಡರ್ಸ್ ಅಂತ ಒಬ್ಬ ಆಫೀಸರ್, ಮೊದಲಿಗೆ ಬಾಂಡ್ ಕಂಡರೆ ಆಗದವನು, ರೂಲ್ಸ್ ರೂಲ್ಸ್ ಅನ್ನುವವನು. ನಮ್ಮ ಆಫೀಸುಗಳಲ್ಲೂ ಇರ್ತಾರಲ್ಲ, ಹಾಗೆ. ಇಲ್ಲಿ ಬರೋ ಹೊತ್ತಿಗೆ ಇಬ್ಬರಿಗೂ ಹೊಂದಿಕೆ ಆಗಿದೆ, ಕೇಳಿದ ಮಾಹಿತಿ ತಂದುಕೊಟ್ಟಿದ್ದಾನೆ. ಹೋಟೆಲಿನಿಂದ ಹೊರಗೆ ಕಾಲಿಡುತ್ತಿದ್ದಂತೆ ಬಾಗಿಲಿಗೆ ಸಿಕ್ಕಿಸಿ ಸಾಯಿಸುತ್ತಾರೆ. ಒಂದು ಬಲೂನು ತೇಲಿಕೊಂಡು ಬರುತ್ತದೆ, ಅದರ ಮೇಲೆ ಗೂಢಚಾರರಿಗೆ ಸಾವು ಅನ್ನೋ ಅರ್ಥದ ರಷ್ಯನ್ ಮಾತು. ಡಾಲ್ಟನ್ ಅದನ್ನು ಕೈಯಲ್ಲಿ ಹಿಡಿದು ಒಡೆಯುತ್ತಾನೆ. ಮಾತಿಲ್ಲ. ಆಚೆ ಎಲ್ಲೋ ಬಲೂನು ಕಂಡಿದ್ದೇ ಪಿಸ್ತೂಲು ಎಳೆದುಕೊಂಡು ಓಡುತ್ತಾನೆ. ಎದುರಿಗೆ ಯಾರು? ಒಬ್ಬ ತಾಯಿ, ಒಂದು ಮಗು. ಆ ಕ್ಷಣದ ಅವನ ಮುಖವನ್ನು ಒಂದು ಸಲ ನೋಡಿ ಸ್ವಾಮಿ. ಸಿಟ್ಟು ಇನ್ನೂ ಇಳಿದಿಲ್ಲ, ಅದರ ಮೇಲೇ ಅಯ್ಯೋ ಇದೇನು ಮಾಡಲು ಹೊರಟೆ ಅನ್ನೋದು ಬರುತ್ತದೆ. ಮೂರ್ ಆಗಿದ್ದರೆ ಆ ಮಗುವಿಗೆ ಒಂದು ನಗು ಕೊಟ್ಟು ಹೊರಟುಬಿಡುತ್ತಿದ್ದ ಅನ್ನೋದು ನನ್ನ ಗುಮಾನಿ.

ಡಾಲ್ಟನ್ ನಾಟಕದಿಂದ ಬಂದವನು, ಷೇಕ್ಸ್‌ಪಿಯರ್ ಆಡಿದವನು. ಪಾತ್ರ ಸಿಕ್ಕಮೇಲೆ ಇಯಾನ್ ಫ್ಲೆಮಿಂಗ್‌ನ ಪುಸ್ತಕಗಳನ್ನು ಹಿಡಿದು ಕೂತ. 1953ರಲ್ಲಿ ಶುರುವಾದ ಆ ಕಾದಂಬರಿಗಳ ಬಾಂಡ್ ಅಷ್ಟೇನೂ ಮಜಾ ಮನುಷ್ಯ ಅಲ್ಲ. ಜಾಸ್ತಿ ಕುಡಿಯುತ್ತಾನೆ, ಕೆಲಸ ಬೇಜಾರಾಗಿದೆ, ಕೊಲ್ಲುವುದು ಒಳಗೊಳಗೇ ಕೊರೆಯುತ್ತದೆ. ಡಾಲ್ಟನ್ ಅವನನ್ನೇ ಎತ್ತಿಕೊಂಡು ಬಂದ. ಜನ ಮಾತ್ರ ಹನ್ನೆರಡು ವರ್ಷ ಮೂರ್‌ನ ನೋಡಿ ಬೆಳೆದಿದ್ದರು. ಅವನಿಗೆ ಹೊಲೆದ ಅಂಗಿಯನ್ನು ಇವನಿಗೆ ತೊಡಿಸಿ, ಸರಿಯಾಗಿ ಕೂರ್ತಾ ಇಲ್ಲ ಅಂದರು.

ಒಪ್ಪಿಕೊಳ್ಳಬೇಕಾದ್ದೂ ಇದೆ. ಅವನ ಬಾಯಲ್ಲಿ ಜೋಕ್ ನಿಲ್ಲಲ್ಲ. ಕಷಾಯ ಕುಡಿದ ಹಾಗೆ ಹೇಳಿ ಮುಗಿಸುತ್ತಾನೆ. ಅದೇ ಸಿನಿಮಾದಲ್ಲಿ ಚೆಲ್ಲೋ ಪೆಟ್ಟಿಗೆ ಮೇಲೆ ಕೂತು ಹಿಮದಲ್ಲಿ ಜಾರಿಕೊಂಡು ಗಡಿ ದಾಟುವ ದೃಶ್ಯ ಇದೆಯಲ್ಲ, ಅದು ಇವನದ್ದಲ್ಲವೇ ಅಲ್ಲ. ಅಫ್ಘಾನಿಸ್ತಾನದ ಭಾಗ ಎಳೆದ ಹಾಗಿದೆ, ಚಿಕ್ಕಪ್ಪ ಅಲ್ಲೇ ನಿದ್ದೆ ಹೋಗಿದ್ದರು.

ಎರಡನೆಯದು, 1989ರ 'ಲೈಸೆನ್ಸ್ ಟು ಕಿಲ್', ಅದರಲ್ಲಂತೂ ಇವನನ್ನು ಮೀರಿಸಿದವರಿಲ್ಲ. ಸ್ನೇಹಿತ ಫೀಲಿಕ್ಸ್‌ನ ಮದುವೆ ದಿನವೇ ಅವನ ಹೆಂಡತಿಯನ್ನು ಕೊಂದು, ಅವನನ್ನು ಶಾರ್ಕ್ ಬಾಯಿಗೆ ಹಾಕುತ್ತಾರೆ. ಬಾಂಡ್ ಕೆಲಸ ಬಿಟ್ಟು, ಸರ್ಕಾರವನ್ನೇ ಎದುರು ಹಾಕಿಕೊಂಡು, ಡ್ರಗ್ಸ್ ದೊರೆಯ ಹಿಂದೆ ಬೀಳುತ್ತಾನೆ. ಕೊನೆಗೆ ಆ ಮದುವೆಯಲ್ಲಿ ಉಡುಗೊರೆ ಸಿಕ್ಕ ಲೈಟರಿನಲ್ಲೇ ಅವನನ್ನು ಸುಡುತ್ತಾನೆ. ಬಟ್ಟೆಯೆಲ್ಲ ಹರಿದು, ಮೈಯೆಲ್ಲ ರಕ್ತ. ಬ್ರಿಟನ್‌ನಲ್ಲಿ 15 ವರ್ಷ ತುಂಬದವರು ನೋಡುವ ಹಾಗಿಲ್ಲ ಅಂತ ಸರ್ಟಿಫಿಕೇಟ್ ಕೊಟ್ಟರು. ಅಮೆರಿಕದಲ್ಲಿ ಅದೇ ಬೇಸಿಗೆಗೆ ಬ್ಯಾಟ್‌ಮನ್, ಇಂಡಿಯಾನಾ ಜೋನ್ಸ್ ಎದುರಿಗೆ ನಿಂತಿದ್ದವು. ಅಲ್ಲಿ ಓಡಲಿಲ್ಲ. ಆಮೇಲೆ ಕೋರ್ಟು ಕಚೇರಿ, ಆರು ವರ್ಷ ಬಾಂಡ್ ಸಿನಿಮಾನೇ ಇಲ್ಲ. 1994ರಲ್ಲಿ ಡಾಲ್ಟನ್ ಹಿಂದೆ ಸರಿದ, ಮರುವರ್ಷ ಪಿಯರ್ಸ್ ಬ್ರಾಸ್ನನ್ ಬಂದ.

ಈಗ ನಮ್ಮ ಪೀಣ್ಯದ ಹುಡುಗನ ವಿಷಯ. 2006ರಲ್ಲಿ ಕ್ರೇಗ್ ಬಂದು ನಗದೆ, ರಕ್ತ ಸುರಿಸಿಕೊಂಡು, ಒಳಗೆ ಕುದಿಯುತ್ತಾ ನಿಂತ. ಎಲ್ಲರೂ ಆಹಾ ಎಂಥ ನೈಜ ಅಭಿನಯ ಅಂದರು. ಕ್ರೇಗ್ ಚೆನ್ನಾಗಿಯೇ ಮಾಡಿದ್ದಾನೆ, ಇಲ್ಲ ಅನ್ನಲ್ಲ. ಆದರೆ 17 ವರ್ಷ ಮೊದಲೇ ಇದೇ ಅಡುಗೆ ಮಾಡಿ ಬಡಿಸಿದವನಿಗೆ ಖಾರ ಜಾಸ್ತಿ ಅಂದವರೂ ಇವರೇ ತಾನೆ? ಇದನ್ನು ಅವನಿಗೆ ಹೇಳಿದೆ. "ಅಣ್ಣ, ನಾನಾಗ ಹುಟ್ಟೇ ಇರ್ಲಿಲ್ಲ" ಅಂದ. ಹುಟ್ಟಿರಲಿಲ್ಲ ಅಂದ್ಮೇಲೆ ತಲೆ ಯಾಕೆ ಆಡಿಸಬೇಕಿತ್ತು ಹೇಳಿ.

ಅಷ್ಟರಲ್ಲಿ ಕಿಟಕಿ ಪಕ್ಕದವರು "ನಮ್ಮ ಅಣ್ಣಾವ್ರ ಮುಂದೆ ಇವರೆಲ್ಲ ಏನ್ರೀ?" ಅಂದುಬಿಟ್ಟರು. ಸರಿ, ಬೋಗಿಯಲ್ಲಿ 'ಇಫ್ ಯೂ ಕಮ್ ಟುಡೇ' ಹಾಡು ಶುರು. ಎರಡು ಸೀಟು ಆಚೆಯವರೂ ಸೇರಿಕೊಂಡರು, ನಿಡವಂದದವರೆಗೆ ಚರ್ಚೆ ಬಂದ್. ಆದರೆ ಅವರು ಎತ್ತಿದ್ದು ನನಗೆ ಅನುಕೂಲವೇ ಆಯ್ತು. 1967ರಲ್ಲಿ ಇಮ್ಮಡಿ ಪುಲಿಕೇಶಿ ಆಗಿದ್ದ ರಾಜ್‌ಕುಮಾರ್, 1968ರಲ್ಲಿ ದೊರೆ–ಭಗವಾನ್ ಅವರ 'ಜೇಡರ ಬಲೆ'ಯಲ್ಲಿ ಕೋಟು ಹಾಕಿ, ಪಿಸ್ತೂಲು ಹಿಡಿದು ಸಿಐಡಿ 999 ಆದರು. ಸಿನಿಮಾದ ಮೊದಲ ಬಾಂಡ್ ಶಾನ್ ಕಾನರಿ ಥರ ಇಲ್ಲ ಅಂತ ನಮ್ಮೂರಲ್ಲಿ ಯಾರಾದರೂ ಬೇಜಾರಾದರಾ? ನಮ್ಮಪ್ಪ ಹೇಳುತ್ತಿದ್ದುದು ಒಂದೇ ಮಾತು, "ಕಿರೀಟ ಹೊತ್ತ ಕತ್ತು ಕಣೋ ಅದು, ಕೋಟು ಹಾಕಿದ್ರೂ ಬಗ್ಗಲ್ಲ." ಅಣ್ಣಾವ್ರು ಅಣ್ಣಾವ್ರ ಥರವೇ ಮಾಡಿದ್ದಕ್ಕೆ ಸಿಳ್ಳೆ ಹೊಡೆದವರು, ಡಾಲ್ಟನ್ ಡಾಲ್ಟನ್ ಥರ ಮಾಡಿದರೆ ಮುಖ ಸಿಂಡರಿಸುವುದು ಯಾವ ನ್ಯಾಯ ಅಂತ ಕೇಳಿದೆ. ಬ್ಯಾಂಕಿನ ಸಾರ್ ಪೇಪರ್ ಬಿಡಿಸಿಕೊಂಡರು.

ಬುಧವಾರ ಸಾರ್ ಬಂದು ಕೂತವರೇ, ನಾನು ಕೇಳದೆ ಇದ್ದರೂ, "ರಾತ್ರಿ ಮೊಮ್ಮಗನ ಹತ್ರ ಹಾಕಿಸ್ಕೊಂಡು ನೋಡ್ದೆ ಕಣ್ರೀ" ಅಂದರು. ನಾನು ಸುಮ್ನೆ ಇದ್ದೆ. ಹಿರೇಹಳ್ಳಿ ಬಂತು, ಹೋಯ್ತು. "ಆ ಬಲೂನಿನ ಸೀನ್ ಸರಿ ಇದೆ. ಒಪ್ಪಿದೆ. ಆದ್ರೂ ಒಂದ್ಸಲನಾದ್ರೂ ನಗಬಹುದಿತ್ತಪ್ಪ ಅವನು."